ಸಮಗತಿಯ ಲೆಕ್ಕ

ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಚಲನೆಯ ಅಧ್ಯಾಯವನ್ನು ತೆರೆದ ವಿದ್ಯಾರ್ಥಿಗೆ ಮೊಟ್ಟಮೊದಲು ಎದುರಾಗುವುವು ಒಂದೇ ಜವದಿಂದ ಓಡುವ ರೈಲು, ಬಸ್ಸು, ಸೈಕಲ್ಲುಗಳ ಲೆಕ್ಕಗಳು. ಇಂತಿಷ್ಟು ದೂರವನ್ನು ಇಂತಿಷ್ಟು ಹೊತ್ತಿನಲ್ಲಿ ಕ್ರಮಿಸಿದ ವಾಹನದ ಜವವೆಷ್ಟು, ಎದುರುಬದುರಾಗಿ ಹೊರಟ ಎರಡು ಗಾಡಿಗಳು ಎಲ್ಲಿ ಸಂಧಿಸುತ್ತವೆ, ಮುಂದೆ ಹೋದವನನ್ನು ಹಿಂದೆ ಹೊರಟವನು ಯಾವಾಗ ಹಿಡಿಯುತ್ತಾನೆ ಎಂಬೀ ಪ್ರಶ್ನೆಗಳನ್ನು ಒಮ್ಮೆಯಾದರೂ ಬಿಡಿಸದೆ ಶಾಲೆಯನ್ನು ದಾಟಿದವರು ನಮ್ಮಲ್ಲಿ ವಿರಳ. ಪರೀಕ್ಷೆ ಮುಗಿದ ತರುವಾಯ ಅವುಗಳನ್ನು ನೆನೆಯುವವರು ಇನ್ನೂ ವಿರಳ. ಹೀಗೆ ಮರೆತುಹೋಗುವುದಕ್ಕೆ ಆ ಲೆಕ್ಕಗಳು ನೀರಸವಾಗಿರುವುದೇ ಕಾರಣವೆಂದು ನನಗೆ ತೋರುವುದಿಲ್ಲ. ಸೂತ್ರವನ್ನು ಮೊದಲು ಬಾಯಿಪಾಠ ಮಾಡಿಸಿ, ಸಂಗತಿಯನ್ನು ಆಮೇಲೆ ಅದಕ್ಕೆ ಹೊಂದಿಸುವ ನಮ್ಮ ಬೋಧನಕ್ರಮವೇ ಇದಕ್ಕೆ ಹೊಣೆ. ದಾರಿಯ ಮೇಲೆ ನಡೆದುದೇನೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಂಡು, ಎರಡು ಚಲನೆಗಳಿಗೂ ಸಮಾನವಾಗಿರುವುದು ಯಾವುದು ಎಂದು ಕೇಳಿಕೊಳ್ಳುವ ಅಭ್ಯಾಸವೊಂದು ಬೆಳೆದರೆ, ಈ ಲೆಕ್ಕಗಳ ಗಂಟು ತಾನಾಗಿ ಸಡಿಲುತ್ತದೆ. ರೈಲಿನ ಹಳಿಯಿಂದ ಹಿಡಿದು ಪಂಚಾಂಗದ ತಿಥಿಯವರೆಗೆ ಒಂದೇ ವಿಚಾರವು ಹರಿದುಬಂದಿರುವುದೂ ಕಾಣಿಸುತ್ತದೆ.

ಸಮಗತಿಯೆಂಬುದರ ಲಕ್ಷಣವನ್ನು ಮೊದಲು ನೋಡೋಣ. ಸಮಾನವಾದ ಕಾಲಗಳಲ್ಲಿ ಸಮಾನವಾದ ದೂರಗಳನ್ನು ಕ್ರಮಿಸುವುದೇ ಸಮಗತಿ ಎಂದು ಪ್ರಾಚೀನರು ಹೇಳುತ್ತಿದ್ದರು. 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾದ ತನ್ನ ‘ಎರಡು ಹೊಸ ವಿಜ್ಞಾನಗಳು’ ಎಂಬ ಗ್ರಂಥದಲ್ಲಿ ಗೆಲಿಲಿಯೋ ಈ ಲಕ್ಷಣಕ್ಕೆ ಒಂದು ಸಣ್ಣ ಸೇರ್ಪಡೆಯನ್ನು ಮಾಡಿದನು: ನಾವು ಆರಿಸಿಕೊಂಡ ಯಾವುದೇ ಸಮಾನ ಕಾಲಗಳಲ್ಲಿ, ಅವು ಎಷ್ಟೇ ಚಿಕ್ಕವಾಗಿದ್ದರೂ, ದೂರಗಳು ಸಮಾನವಾಗಿರಬೇಕು. ಈ ‘ಯಾವುದೇ’ ಎಂಬುದನ್ನು ಅವನು ಅಷ್ಟು ಎಚ್ಚರಿಕೆಯಿಂದ ಸೇರಿಸಿದುದಕ್ಕೆ ಕಾರಣವುಂಟು. ಪ್ರತಿ ಗಂಟೆಗೂ ತಪ್ಪದೆ 40 ಕಿ.ಮೀ. ಸಾಗುವ ಒಂದು ಬಸ್ಸು, ಆ ಗಂಟೆಯೊಳಗೆ ನಾಲ್ಕು ನಿಲ್ದಾಣಗಳಲ್ಲಿ ನಿಂತು, ಏರಿನಲ್ಲಿ ತಡವಾಗಿ, ಇಳಿಜಾರಿನಲ್ಲಿ ಧಾವಿಸಿ, ಹೇಗೋ ಆ 40ನ್ನು ಸರಿಗಟ್ಟಿರಬಹುದು. ಗಂಟೆಯ ಅಳತೆಯಿಂದ ನೋಡಿದರೆ ಅದು ಸಮಗತಿಯೆನಿಸಿದರೂ ನಿಮಿಷದ ಅಳತೆಯಿಂದ ನೋಡಿದಾಗ ಅಲ್ಲ. ಶಾಲೆಯ ಲೆಕ್ಕದಲ್ಲಿ ‘ಒಂದೇ ಜವದಿಂದ’ ಎಂದು ಬರೆದಿರುವಲ್ಲಿ ನಾವು ಒಂದು ಆದರ್ಶವನ್ನು ಒಪ್ಪಿಕೊಳ್ಳುತ್ತಿದ್ದೇವೆ: ಹೊರಡುವಾಗಿನ ನಿಧಾನವಿಲ್ಲ, ನಿಲ್ಲುವಾಗಿನ ಬ್ರೇಕಿಲ್ಲ, ನಡುವೆ ದನ ಅಡ್ಡ ಬರುವುದಿಲ್ಲ. ಲೋಕದಲ್ಲಿ ಇಂತಹ ವಾಹನವಿಲ್ಲವೆಂಬುದು ನಿಜವೇ. ಆದರೂ ಇಂತಹ ವಾಹನವನ್ನು ಕಲ್ಪಿಸಿಕೊಳ್ಳದೆ ಲೋಕದ ವಾಹನಗಳ ಲೆಕ್ಕವನ್ನು ಆರಂಭಿಸುವಂತೆಯೇ ಇಲ್ಲ.

ಈ ಆದರ್ಶವನ್ನು ಒಪ್ಪಿದೊಡನೆ ಮಿಕ್ಕುದೆಲ್ಲ ನಮ್ಮ ಹಿರಿಯರು ತ್ರೈರಾಶಿಕವೆಂದು ಕರೆದ ಲೆಕ್ಕವೇ ಆಗುತ್ತದೆ. ಒಂದು ಗಂಟೆಗೆ 60 ಕಿ.ಮೀ. ಆದರೆ ಎರಡೂವರೆ ಗಂಟೆಗೆ ಎಷ್ಟು ಎಂದು ಕೇಳಿದರೆ, ಸೂತ್ರದ ಹೆಸರನ್ನೇ ಕೇಳದ ಅಂಗಡಿಯವನೂ 150 ಎಂದು ಥಟ್ಟನೆ ಹೇಳುತ್ತಾನೆ. ದೂರವು ಜವ ಮತ್ತು ಕಾಲಗಳ ಗುಣಲಬ್ಧವೆಂಬ ಈ ಒಂದು ಸಂಬಂಧವನ್ನು ಅರಿತವನಿಗೆ, ದೂರವನ್ನು ಕಾಲದಿಂದ ಭಾಗಿಸಿದರೆ ಜವವೂ ಜವದಿಂದ ಭಾಗಿಸಿದರೆ ಕಾಲವೂ ದೊರೆಯುವುವೆಂದು ಪ್ರತ್ಯೇಕವಾಗಿ ಕಲಿಸಬೇಕಾದುದಿಲ್ಲ. ಆದರೆ ಇತ್ತೀಚೆಗೆ ಎಷ್ಟೋ ತರಗತಿಗಳಲ್ಲಿ ಈ ಮೂರನ್ನು ಒಂದು ತ್ರಿಕೋನದೊಳಗೆ ಬರೆಯಿಸಿ, ಬೇಕಾದುದನ್ನು ಬೆರಳಿನಿಂದ ಮುಚ್ಚಿದರೆ ಉಳಿದುದೇ ಸೂತ್ರವೆಂದು ತೋರಿಸುವ ಪದ್ಧತಿ ನಡೆದಿದೆ. ಒಂದೇ ವಾಹನದ ಒಂದೇ ಪ್ರಯಾಣವಿರುವಷ್ಟು ಕಾಲ ಈ ಉಪಾಯವು ಕೈಹಿಡಿಯುತ್ತದೆ. ಎರಡು ವಾಹನಗಳು ಬಂದೊಡನೆ, ಅಥವಾ ಒಂದೇ ಪ್ರಯಾಣದಲ್ಲಿ ಎರಡು ಜವಗಳು ಬಂದೊಡನೆ, ಯಾವ ದೂರವನ್ನು ಯಾವ ಕಾಲದೊಡನೆ ಇಡಬೇಕೆಂಬುದನ್ನು ಅದು ಹೇಳದೆ ಮೌನವಾಗುತ್ತದೆ. ವಿದ್ಯಾರ್ಥಿಯು ಅಲ್ಲಿ ಕಂಗೆಟ್ಟು, ಕಣ್ಣಿಗೆ ಬಿದ್ದ ಮೊದಲನೆಯ ದೂರವನ್ನು ಕಣ್ಣಿಗೆ ಬಿದ್ದ ಮೊದಲನೆಯ ಕಾಲದಿಂದ ಭಾಗಿಸಿಬಿಡುತ್ತಾನೆ. ಆ ತ್ರಿಕೋನವನ್ನು ನಮ್ಮ ಪಾಠಗಳಿಂದ ಕೈಬಿಡುವುದೇ ಲೇಸೆಂದು ನನ್ನ ದೃಢವಾದ ಅಭಿಪ್ರಾಯ.

ಮಾನಗಳ ವಿಷಯವನ್ನು ಇಲ್ಲಿಯೇ ಹೇಳಿ ಮುಗಿಸಬಹುದು. ಗಂಟೆಗೆ 72 ಕಿ.ಮೀ. ಎಂದರೆ 3,600 ಸೆಕೆಂಡುಗಳಿಗೆ 72,000 ಮೀಟರು, ಅಂದರೆ ಸೆಕೆಂಡಿಗೆ 20 ಮೀಟರು; 5ರಿಂದ ಗುಣಿಸಿ 18ರಿಂದ ಭಾಗಿಸಬೇಕೆಂಬ ನಿಯಮವು ಹುಟ್ಟಿದುದು ಇದರಿಂದಲೇ. 300 ಮೀಟರು ಉದ್ದದ ರೈಲು ಈ ಜವದಲ್ಲಿ 500 ಮೀಟರಿನ ಪ್ಲಾಟ್‌ಫಾರಮ್ಮನ್ನು ದಾಟಲು ಎಷ್ಟು ಹೊತ್ತು ಬೇಕೆಂದು ಕೇಳಿದಾಗ, ಎಂಜಿನ್ನಿನ ಮೂತಿ ಪ್ಲಾಟ್‌ಫಾರಮ್ಮನ್ನು ಮುಟ್ಟಿದ ಕ್ಷಣದಿಂದ ಕೊನೆಯ ಡಬ್ಬಿಯ ಹಿಂಬದಿಯು ಅದನ್ನು ಬಿಡುವ ಕ್ಷಣದವರೆಗೆ ಮೂತಿಯು ಸಾಗಿದ ದೂರ 800 ಮೀಟರೆಂಬುದನ್ನು ಕಂಡುಕೊಂಡವನಿಗೆ 40 ಸೆಕೆಂಡುಗಳೆಂಬ ಉತ್ತರವು ಕಷ್ಟವಲ್ಲ. ರೈಲಿನೊಳಗೆ ಕುಳಿತೇ ಅದರ ಜವವನ್ನು ಅಳೆಯುವ ಒಂದು ಹಳೆಯ ಬಗೆಯೂ ಉಂಟು. ಹಳಿಗಳ ತುಂಡುಗಳನ್ನು ಬೆಸೆಯದೆ ಫಿಶ್‌ಪ್ಲೇಟುಗಳಿಂದ ಜೋಡಿಸುತ್ತಿದ್ದ ಕಾಲದಲ್ಲಿ, ಪ್ರತಿ 13 ಮೀಟರಿಗೆ ಒಂದು ಸಂದು ಬಂದು, ಗಾಲಿಯು ಅದರ ಮೇಲೆ ಹಾಯುವಾಗ ಟಕ್ಕೆಂಬ ಸದ್ದು ಕೇಳುತ್ತಿತ್ತು. ಸುಮಾರು 47 ಸೆಕೆಂಡುಗಳಲ್ಲಿ ಎಷ್ಟು ಸಂದುಗಳು ಹಾದುಹೋದುವೋ ಅಷ್ಟೇ ಆ ರೈಲಿನ ಗಂಟೆಯ ಕಿಲೊಮೀಟರು! ಇದರಲ್ಲಿ ಮಾಯವೇನೂ ಇಲ್ಲ: ಗಂಟೆಗೆ ಒಂದೇ ಒಂದು ಕಿ.ಮೀ. ಜವದಲ್ಲಿ 13 ಮೀಟರು ಸಾಗಲು 46.8 ಸೆಕೆಂಡು ಬೇಕು. ಜವವು ಅದರ ಅರುವತ್ತರಷ್ಟಾದರೆ ಅದೇ ಅವಧಿಯಲ್ಲಿ ಅರುವತ್ತು ತುಂಡುಗಳು ಕಳೆದಿರುತ್ತವೆ. ಇಂದು ಮುಖ್ಯ ಮಾರ್ಗಗಳಲ್ಲಿ ಹಳಿಗಳನ್ನು ಉದ್ದುದ್ದವಾಗಿ ಬೆಸೆದುಬಿಟ್ಟಿರುವುದರಿಂದ ಆ ಸದ್ದು ಕಡಮೆಯಾಗಿದೆ; ಬದಿಯಲ್ಲಿರುವ ಕಿಲೊಮೀಟರು ಗುರುತುಗಳೆರಡರ ನಡುವಿನ ಸೆಕೆಂಡುಗಳನ್ನು ಎಣಿಸಿ 3,600ನ್ನು ಅದರಿಂದ ಭಾಗಿಸಿದರೆ ಈಗಲೂ ಲೆಕ್ಕ ಸಿಗುತ್ತದೆ. 45 ಸೆಕೆಂಡಾದರೆ 80 ಕಿ.ಮೀ.

ಈಗ ಎರಡು ವಾಹನಗಳ ಲೆಕ್ಕಕ್ಕೆ ಬರೋಣ. ವಿಷಯದ ಸಾರವಿರುವುದು ಇಲ್ಲಿಯೇ. ಬೆಂಗಳೂರಿಗೂ ಮೈಸೂರಿಗೂ ರೈಲುದಾರಿಯ ದೂರವನ್ನು 140 ಕಿ.ಮೀ. ಎಂದಿಟ್ಟುಕೊಳ್ಳೋಣ. ಬೆಳಗ್ಗೆ 6 ಗಂಟೆಗೆ ಬೆಂಗಳೂರಿನಿಂದ ಗಂಟೆಗೆ 60 ಕಿ.ಮೀ. ಜವದ ಒಂದು ರೈಲೂ, 6.30ಕ್ಕೆ ಮೈಸೂರಿನಿಂದ ಗಂಟೆಗೆ 50 ಕಿ.ಮೀ. ಜವದ ಮತ್ತೊಂದು ರೈಲೂ ಹೊರಟರೆ ಅವು ಎಲ್ಲಿ, ಎಷ್ಟು ಹೊತ್ತಿಗೆ ಎದುರಾಗುತ್ತವೆ? ಸೂತ್ರವನ್ನು ಹುಡುಕುವ ಮೊದಲು ಕಾಗದದ ಮೇಲೆ ಒಂದು ಗೆರೆಯನ್ನೆಳೆದು ಎರಡು ಕೊನೆಗಳಲ್ಲಿ ಎರಡು ಊರುಗಳನ್ನು ಬರೆದುಕೊಳ್ಳತಕ್ಕದ್ದು. ಎರಡು ರೈಲುಗಳೂ ಓಡುತ್ತಿರುವ ಕಾಲವು ಆರಂಭವಾಗುವುದು 6.30ಕ್ಕೆ; ಅಷ್ಟರಲ್ಲಿ ಮೊದಲನೆಯದು 30 ಕಿ.ಮೀ. ದಾಟಿ ಬಂದಿರುತ್ತದೆ, ಆದುದರಿಂದ ಆಗ ಅವುಗಳ ನಡುವೆ ಉಳಿದುದು 110 ಕಿ.ಮೀ. ಅಲ್ಲಿಂದ ಮುಂದೆ ಒಂದೊಂದು ಗಂಟೆಗೂ ಒಂದು 60ನ್ನು ನುಂಗಿದರೆ ಇನ್ನೊಂದು 50ನ್ನು ನುಂಗುತ್ತದೆ. ಎರಡೂ ಕೂಡಿ 110. ಹೀಗೆ ಒಂದು ಗಂಟೆಯಲ್ಲಿ ಆ ಅಂತರವು ಶೂನ್ಯವಾಗಿ, 7.30ಕ್ಕೆ ಬೆಂಗಳೂರಿನಿಂದ 90 ಕಿ.ಮೀ. ದೂರದಲ್ಲಿ, ಮಂಡ್ಯದ ಆಸುಪಾಸಿನಲ್ಲಿ, ಅವು ಸಂಧಿಸುತ್ತವೆ. ಉತ್ತರವನ್ನು ಪರೀಕ್ಷಿಸಬೇಕಾದರೆ ಮೈಸೂರಿನ ಕಡೆಯಿಂದ ಒಮ್ಮೆ ಎಣಿಸಿದರಾಯಿತು: ಒಂದು ಗಂಟೆಗೆ 50, ಅತ್ತ 90, ಒಟ್ಟು 140. ಇಲ್ಲಿ ತಪ್ಪುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ತಪ್ಪುವುದು ಗುಣಾಕಾರದಲ್ಲಲ್ಲ. 140ನ್ನು 110ರಿಂದ ಭಾಗಿಸುವುದರಲ್ಲಿ, ಅಂದರೆ ಎರಡು ಗಡಿಯಾರಗಳನ್ನು ಒಂದೇ ಹೊತ್ತಿಗೆ ಓಡಲು ಬಿಟ್ಟಂತೆ ಭಾವಿಸುವುದರಲ್ಲಿ.

ಬೆನ್ನಟ್ಟುವ ಲೆಕ್ಕಕ್ಕೂ ಇದೇ ದಾರಿ. ಗಂಟೆಗೆ 15 ಕಿ.ಮೀ. ಜವದ ಸೈಕಲ್ಲಿನವನು ಹೊರಟು ಅರ್ಧ ಗಂಟೆಯಾದ ಮೇಲೆ 45 ಕಿ.ಮೀ. ಜವದ ಸ್ಕೂಟರಿನವನು ಅದೇ ದಾರಿಯಲ್ಲಿ ಹೊರಟರೆ, ನಡುವಣ ಏಳೂವರೆ ಕಿ.ಮೀ. ಅಂತರವು ಗಂಟೆಗೆ 30ರಂತೆ, ಎಂದರೆ ಜವಗಳ ವ್ಯತ್ಯಾಸದಂತೆ, ಕರಗುತ್ತದೆ. ಕಾಲುಗಂಟೆಯಲ್ಲಿ ಸ್ಕೂಟರು ಸೈಕಲ್ಲನ್ನು ಹಿಡಿಯುತ್ತದೆ.

ಎದುರಾಗಿ ಬರುವಲ್ಲಿ ಜವಗಳ ಮೊತ್ತ, ಒಂದೇ ದಿಕ್ಕಿನಲ್ಲಿ ಹೋಗುವಲ್ಲಿ ಜವಗಳ ವ್ಯತ್ಯಾಸ ಎಂಬ ಈ ನಿಯಮವು ರೈಲಿನೊಡನೆ ನಮ್ಮ ದೇಶಕ್ಕೆ ಬಂದುದಲ್ಲ. ಕ್ರಿ.ಶ. 499ರ ಕಾಲವನ್ನು ತನ್ನೊಳಗೇ ಸೂಚಿಸಿಕೊಂಡಿರುವ ‘ಆರ್ಯಭಟೀಯ’ದ ಗಣಿತಪಾದದಲ್ಲಿ ಆರ್ಯಭಟನು ಇದನ್ನು ಒಂದೇ ಶ್ಲೋಕದಲ್ಲಿ ಅಡಕಮಾಡಿದ್ದಾನೆ. ಆ ಶ್ಲೋಕದಲ್ಲಿ ನನ್ನನ್ನು ಎಂದೆಂದೂ ಬೆರಗುಗೊಳಿಸುವ ಸಂಗತಿಯೆಂದರೆ, ದೊರೆತ ಕಾಲವು ಕಳೆದುಹೋದುದಾಗಿರಬಹುದು ಅಥವಾ ಬರಲಿರುವುದಾಗಿರಬಹುದು ಎಂದು ಅವನು ಎರಡನ್ನೂ ಹೆಸರಿಸಿರುವುದು. ಮುಂದಿರುವವನೇ ಹೆಚ್ಚು ಜವದವನಾಗಿದ್ದು, ಹಿಂದಿರುವವನಿಗಿಂತ 20 ಕಿ.ಮೀ. ಮುಂದೆ, ಗಂಟೆಗೆ 10 ಕಿ.ಮೀ. ಹೆಚ್ಚಾಗಿ ಸಾಗುತ್ತಿದ್ದರೆ, ಅವರು ಮುಂದೆ ಸಂಧಿಸುವ ಪ್ರಶ್ನೆಯೇ ಇಲ್ಲ. ಆದರೆ ಇಷ್ಟು ಕಾಲವೂ ಹಾಗೆಯೇ ನಡೆದಿದ್ದರೆ ಎರಡು ಗಂಟೆಗಳ ಹಿಂದೆ ಅವರು ಒಂದೆಡೆ ಇದ್ದರೆಂದು ಅದೇ ಭಾಗಾಕಾರವು ತಿಳಿಸುತ್ತದೆ. ಇಂದಿನ ವಿದ್ಯಾರ್ಥಿಯು ಋಣಸಂಖ್ಯೆಯ ಉತ್ತರ ಬಂದೊಡನೆ ತಪ್ಪಾಯಿತೆಂದು ಹೆದರಿ ಹೊಡೆದುಹಾಕುವ ಸ್ಥಳದಲ್ಲಿ, ಆ ಪ್ರಾಚೀನನು ನಿಂತು ಅದರ ಅರ್ಥವನ್ನು ವಿಚಾರಿಸಿದ್ದನು.

ನಮ್ಮ ನಾಡಿನ ಸಂಬಂಧವೂ ಈ ಲೆಕ್ಕಗಳಿಗೆ ಉಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, 9ನೆಯ ಶತಮಾನದ ನಡುಗಾಲದಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಪಯಣಿಗರ ಸಮಾಗಮಕಾಲವನ್ನು ಕಾಣುವ ಕ್ರಮಗಳಿವೆ, ಈ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮಹಾವೀರಾಚಾರ್ಯನು ಸಮಗತಿಯಲ್ಲಿಯೇ ನಿಲ್ಲದೆ, ಒಬ್ಬನು ದಿನದಿನವೂ ಒಂದೇ ಗತಿಯಿಂದ ನಡೆಯುತ್ತಿರಲು ಇನ್ನೊಬ್ಬನು ದಿನದಿಂದ ದಿನಕ್ಕೆ ತನ್ನ ಗತಿಯನ್ನು ಒಂದೇ ಪ್ರಮಾಣದಲ್ಲಿ ಹೆಚ್ಚಿಸಿಕೊಂಡು ನಡೆದರೆ ಅವರು ಮತ್ತೆ ಎಂದು ಕೂಡುವರೆಂಬುದಕ್ಕೂ ನಿಯಮವನ್ನು ಕೊಟ್ಟಿದ್ದಾನೆ: ಸಮಗತಿಯಿಂದ ಮೊದಲ ದಿನದ ಗತಿಯನ್ನು ಕಳೆದು, ದಿನಂಪ್ರತಿಯ ಹೆಚ್ಚಳದ ಅರ್ಧದಿಂದ ಭಾಗಿಸಿ, ಒಂದನ್ನು ಕೂಡಿಸಬೇಕು. ಒಬ್ಬನು ದಿನಕ್ಕೆ 10 ಹರದಾರಿ, ಇನ್ನೊಬ್ಬನು ಮೊದಲ ದಿನ 4, ಆಮೇಲೆ ದಿನಕ್ಕೆ ಎರಡೆರಡು ಹೆಚ್ಚಾಗಿ ನಡೆದರೆ, ನಿಯಮದಂತೆ 7 ದಿನ. 4, 6, 8, 10, 12, 14, 16 ಎಂದು ಕೂಡಿಸಿ ನೋಡಿರಿ, 70 ಬರುತ್ತದೆ. ಹನ್ನೊಂದು ಶತಮಾನಗಳಿಗೂ ಹಿಂದಿನ ನಿಯಮವು ನಮ್ಮ ಕೈಯಲ್ಲಿ ಹೀಗೆ ಸರಿಯಾಗಿ ಕೂಡಿಬರುವುದನ್ನು ಕಾಣುವ ಸಂತೋಷವು ಅಲ್ಪವಾದುದಲ್ಲ.

ಸಂಧಿಸುವ ರೈಲುಗಳ ಲೆಕ್ಕವು ಪುಸ್ತಕದಾಚೆಗೆ ದಿನವೂ ನಡೆಯುವ ಸ್ಥಳವೊಂದಿದೆ. ಅದು ರೈಲ್ವೆಯ ಕಂಟ್ರೋಲ್ ಕಚೇರಿ. ಅಲ್ಲಿ ಸೆಕ್ಷನ್ ಕಂಟ್ರೋಲರ್ ಎಂಬ ಅಧಿಕಾರಿಯ ಮುಂದೆ ಹರಡಿರುವ ನಕ್ಷೆಯಲ್ಲಿ ಅಡ್ಡಲಾಗಿ ಗಂಟೆಗಳನ್ನೂ, ಮೇಲಿನಿಂದ ಕೆಳಕ್ಕೆ ನಿಲ್ದಾಣಗಳನ್ನೂ ಗುರುತುಮಾಡಿರುತ್ತಾರೆ. ಓಡುವ ಒಂದೊಂದು ರೈಲೂ ಆ ನಕ್ಷೆಯ ಮೇಲೆ ಒಂದೊಂದು ಓರೆಗೆರೆಯಾಗುತ್ತದೆ. ಜವ ಹೆಚ್ಚಾದಂತೆ ಗೆರೆ ಕಡಿದಾಗುತ್ತದೆ. ನಿಂತ ರೈಲಿನ ಗೆರೆ ಮಟ್ಟಸವಾಗಿ ಮಲಗುತ್ತದೆ. ಎದುರು ದಿಕ್ಕಿನ ರೈಲಿನ ಗೆರೆಯು ಎದುರು ಓರೆಯಾಗಿ ಬಂದು ಇದನ್ನು ಕತ್ತರಿಸುತ್ತದೆ. ಆ ಕತ್ತರಿಯ ಬಿಂದುವೇ ಸಂಧಿಸುವ ಸ್ಥಳ ಮತ್ತು ಕಾಲ. ಜೋಡಿಹಳಿಯಲ್ಲಿ ಅದು ಎಲ್ಲಿ ಬಿದ್ದರೂ ಬಾಧಕವಿಲ್ಲ. ಒಂಟಿಹಳಿಯಲ್ಲಿ ಮಾತ್ರ ಅದು ಲೂಪ್ ಲೈನ್ ಇರುವ ನಿಲ್ದಾಣದ ಗೆರೆಯ ಮೇಲೆಯೇ ಬೀಳತಕ್ಕದ್ದು. 57 ಸುರಂಗಗಳನ್ನು ಹಾಯ್ದು ಇಳಿಯುವ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದ ಸುಮಾರು 55 ಕಿ.ಮೀ. ಹಾದಿಯನ್ನು ತೆಗೆದುಕೊಳ್ಳಿ. ಎರಡು ಕೊನೆಗಳಿಂದ ಏಕಕಾಲದಲ್ಲಿ ಗಂಟೆಗೆ 30 ಕಿ.ಮೀ. ಜವದ ಎರಡು ರೈಲುಗಳು ಹೊರಟರೆ 55 ನಿಮಿಷಗಳಲ್ಲಿ ನಟ್ಟನಡುವೆ ಎದುರಾಗುತ್ತವೆಂದು ಗಣಿತವು ಹೇಳುತ್ತದೆ. ಆ ನಟ್ಟನಡುವೆ ಸುರಂಗವೋ ಸೇತುವೆಯೋ ಇದ್ದರೆ ಗಣಿತವು ಅದನ್ನು ಅರಿಯದು. ಆದುದರಿಂದ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಮುಂತಾದ ನಿಲ್ದಾಣಗಳಲ್ಲಿ ಎಲ್ಲಿ ಕ್ರಾಸಿಂಗ್ ಕೊಡಬೇಕೆಂದು ನಿರ್ಣಯಿಸಿ, ಒಂದು ರೈಲನ್ನು ಮುಂಚಿತವಾಗಿ ಅಲ್ಲಿಗೆ ತಂದು ನಿಲ್ಲಿಸಬೇಕಾಗುತ್ತದೆ. ಕಾಡಿನ ನಡುವಣ ನಿಲ್ದಾಣದಲ್ಲಿ ಕಾರಣವಿಲ್ಲದೆ ರೈಲು ನಿಂತಿದೆಯೆಂದು ಗೊಣಗುವ ಪ್ರಯಾಣಿಕರು ಆ ಹೊತ್ತಿನಲ್ಲಿ ಈ ಲೆಕ್ಕದ ಒಂದು ಮಟ್ಟಸವಾದ ಗೆರೆಯ ಮೇಲೆ ಕುಳಿತಿರುತ್ತಾರೆ. ಇಂದು ಈ ಗೆರೆಗಳನ್ನು ಬಹುಮಟ್ಟಿಗೆ ಗಣಕಯಂತ್ರವೇ ಎಳೆಯುವುದಾದರೂ ಗೆರೆಗಳ ಅರ್ಥ ಬದಲಾಗಿಲ್ಲ.

ಸರಾಸರಿ ಜವವೆಂಬುದು ಈ ಅಧ್ಯಾಯದಲ್ಲಿ ಬುದ್ಧಿವಂತರನ್ನೂ ಎಡವಿಸುವ ಕಲ್ಲು. 60 ಕಿ.ಮೀ. ದೂರದ ಘಟ್ಟದ ಊರಿಗೆ ಹತ್ತುವಾಗ ಗಂಟೆಗೆ 30ರಂತೆ ಹೋಗಿ, ಇಳಿಯುವಾಗ 60ರಂತೆ ಹಿಂದಿರುಗಿದ ಬಸ್ಸಿನ ಸರಾಸರಿ ಎಷ್ಟೆಂದರೆ 45 ಎಂಬ ಉತ್ತರವು ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಹತ್ತಲು 2 ಗಂಟೆ, ಇಳಿಯಲು 1 ಗಂಟೆ. 3 ಗಂಟೆಗಳಲ್ಲಿ 120 ಕಿ.ಮೀ.; ಆದುದರಿಂದ ಸರಾಸರಿ 40 ಮಾತ್ರ. ನಿಧಾನವಾದ ಗತಿಯಲ್ಲಿ ಬಸ್ಸು ಹೆಚ್ಚು ಹೊತ್ತು ಇದ್ದುದರಿಂದ ಸರಾಸರಿಯು ಆ ಕಡೆಗೆ ವಾಲುತ್ತದೆ. ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಹತ್ತುವಾಗ 30ರಂತೆ ಹೋದ ಆ ಬಸ್ಸು ಇಡೀ ಪ್ರಯಾಣದ ಸರಾಸರಿಯನ್ನು 60ಕ್ಕೆ ಏರಿಸಬೇಕಾದರೆ ಎಷ್ಟು ಜವದಿಂದ ಇಳಿಯಬೇಕು ಎಂದು ಕೇಳೋಣ. 90 ಎಂದು ಹೇಳುವವರೇ ಬಹಳ. ಆದರೆ 120 ಕಿ.ಮೀ.ಗೆ ಸರಾಸರಿ 60 ಆಗಬೇಕಾದರೆ ಒಟ್ಟು ಕಾಲ 2 ಗಂಟೆ. ಆ 2 ಗಂಟೆಗಳೂ ಹತ್ತುವುದರಲ್ಲಿಯೇ ಮುಗಿದುಹೋಗಿವೆ! ಇನ್ನು ಎಂತಹ ಜವದಿಂದ ಇಳಿದರೂ ಸರಾಸರಿಯು 60ನ್ನು ಮುಟ್ಟಲಾರದು. ಈ ಪ್ರಶ್ನೆಯನ್ನು ಪ್ರತಿಯೊಂದು ತರಗತಿಯಲ್ಲಿಯೂ ಒಮ್ಮೆ ಕೇಳಿ, ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ಅದರೊಡನೆ ಸೆಣಸಾಡುವಂತೆ ಬಿಡಬೇಕೆಂದು ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ. ಸರಾಸರಿಯನ್ನು ಕಾಲದ ತಕ್ಕಡಿಯಲ್ಲಿ ತೂಗಬೇಕೆಂಬುದು ಹತ್ತು ಪುಟಗಳ ವಿವರಣೆಗಿಂತ ಹೀಗೆ ಬೇಗ ಮನದಟ್ಟಾಗುತ್ತದೆ.

ಬೆನ್ನಟ್ಟುವ ಲೆಕ್ಕವನ್ನು ತಿರುಗಿಸಿ ಹಿಡಿದರೆ ಅದು ದೂರವನ್ನಳೆಯುವ ಸಾಧನವಾಗುತ್ತದೆ. ಮಿಂಚಿನ ಬೆಳಕು ಕಣ್ಣನ್ನು ತಲುಪಲು ತೆಗೆದುಕೊಳ್ಳುವ ಕಾಲವು ಲೆಕ್ಕಕ್ಕೆ ಬಾರದಷ್ಟು ಅಲ್ಪ; ಗುಡುಗಿನ ಸದ್ದಾದರೋ ಸೆಕೆಂಡಿಗೆ ಸುಮಾರು 340 ಮೀಟರಿನಂತೆ ಬರುವುದರಿಂದ, ಮಿಂಚಿಗೂ ಗುಡುಗಿಗೂ ನಡುವಣ ಪ್ರತಿ ಮೂರು ಸೆಕೆಂಡಿಗೆ ಒಂದು ಕಿ.ಮೀ. ಎಂದೆಣಿಸಬಹುದು. ಭೂಕಂಪಮಾಪಕರು ಮಾಡುವುದೂ ಇದನ್ನೇ. ಭೂಮಿಯ ಹೊರಪದರದಲ್ಲಿ ಕಂಪನದ ಮೊದಲ ಅಲೆಯು ಸೆಕೆಂಡಿಗೆ ಸುಮಾರು 6 ಕಿ.ಮೀ., ಎರಡನೆಯದು ಸುಮಾರು 3.5 ಕಿ.ಮೀ. ಜವದಿಂದ ಹರಡುತ್ತವೆ. ಮೊದಲನೆಯದು ಬಂದು 10 ಸೆಕೆಂಡುಗಳಾದ ಮೇಲೆ ಎರಡನೆಯದು ಬಂದರೆ ಕಂಪನದ ಮೂಲವು 84 ಕಿ.ಮೀ. ದೂರದಲ್ಲಿತ್ತೆಂದಾಯಿತು, ಏಕೆಂದರೆ ಅಷ್ಟು ದೂರಕ್ಕೆ ಮೊದಲನೆಯ ಅಲೆಗೆ 14, ಎರಡನೆಯದಕ್ಕೆ 24 ಸೆಕೆಂಡು ಬೇಕು. ಮೂರು ಕೇಂದ್ರಗಳಿಂದ ಹೀಗೆ ದೊರೆತ ಮೂರು ದೂರಗಳಿಂದ ವೃತ್ತಗಳನ್ನೆಳೆದರೆ ಅವು ಸೇರುವೆಡೆಯೇ ಕಂಪನದ ನೆಲೆ.

ಆರ್ಯಭಟನ ಶ್ಲೋಕವಾದರೋ ದಾರಿಹೋಕರಿಗಿಂತ ಹೆಚ್ಚಾಗಿ ಸಲ್ಲುವುದು ಆಕಾಶದ ಸಂಚಾರಿಗಳಿಗೆ. ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯನು ದಿನಕ್ಕೆ ಸರಾಸರಿ 0.986 ಅಂಶ, ಚಂದ್ರನು 13.176 ಅಂಶ ಪೂರ್ವಾಭಿಮುಖವಾಗಿ ಸರಿಯುತ್ತಾರೆ. ಅಮಾವಾಸ್ಯೆಯಂದು ಒಂದೆಡೆಯಿದ್ದ ಇಬ್ಬರಲ್ಲಿ ಚಂದ್ರನು ದಿನಕ್ಕೆ 12.19 ಅಂಶದಂತೆ ಮುಂದಾಗುತ್ತಾ ಹೋಗಿ, ಒಂದು ಸುತ್ತಿನ 360 ಅಂಶಗಳಷ್ಟು ಮುಂದಾದಾಗ ಮತ್ತೆ ಸೂರ್ಯನನ್ನು ಹಿಡಿಯುತ್ತಾನೆ, 360ನ್ನು 12.19ರಿಂದ ಭಾಗಿಸಿದರೆ 29.53 ದಿನ, ಇದೇ ಚಾಂದ್ರಮಾಸ. ಈ ಅಂತರವು 12 ಅಂಶ ಬೆಳೆಯುವ ಕಾಲಕ್ಕೆ ತಿಥಿಯೆಂದು ಹೆಸರು. ಅದು ಸರಾಸರಿ 23 ಗಂಟೆ 37 ನಿಮಿಷ. ಸ್ಕೂಟರು ಸೈಕಲ್ಲನ್ನು ಹಿಡಿದ ಲೆಕ್ಕಕ್ಕೂ ಏಕಾದಶಿಯ ಲೆಕ್ಕಕ್ಕೂ ಬೇರಾವ ಭೇದವೂ ಇಲ್ಲ.

ಒಂದು ಭೇದವುಂಟು: ಚಂದ್ರನು ಸಮಗತಿಯವನಲ್ಲ. ಭೂಮಿಗೆ ಹತ್ತಿರವಾದಾಗ ಅವನ ನಡೆ ಚುರುಕಾಗುತ್ತದೆ, ದೂರವಾದಾಗ ಮಂದವಾಗುತ್ತದೆ. ಅದಕ್ಕನುಗುಣವಾಗಿ ತಿಥಿಯು ಒಮ್ಮೆ ಸುಮಾರು 20 ಗಂಟೆಗೆ ಇಳಿದರೆ ಇನ್ನೊಮ್ಮೆ 26 ಗಂಟೆಯನ್ನೂ ಮೀರುತ್ತದೆ. ಸೂರ್ಯೋದಯದ ತರುವಾಯ ಹುಟ್ಟಿ ಮರುದಿನದ ಸೂರ್ಯೋದಯಕ್ಕೆ ಮುನ್ನವೇ ಮುಗಿದುಹೋದ ತಿಥಿಯನ್ನು ಕ್ಷಯವೆಂದೂ, ಎರಡು ಸೂರ್ಯೋದಯಗಳನ್ನು ವ್ಯಾಪಿಸಿದುದನ್ನು ವೃದ್ಧಿಯೆಂದೂ ಪಂಚಾಂಗವು ಗುರುತಿಸುವುದು ಇದರಿಂದಲೇ. ನಮ್ಮ ಜ್ಯೋತಿರ್ಗಣಿತಜ್ಞರು ಇದಕ್ಕೆ ಅಂಜಿ ಸಮಗತಿಯನ್ನು ಕೈಬಿಡಲಿಲ್ಲ. ಗ್ರಹವು ಸಮಗತಿಯಿಂದ ಸಾಗಿದ್ದರೆ ಎಲ್ಲಿರುತ್ತಿತ್ತೆಂದು ಮೊದಲು ಗಣಿಸಿ, ಆ ಮಧ್ಯಮಸ್ಥಾನಕ್ಕೆ ಮಂದಸಂಸ್ಕಾರವನ್ನು ಕೂಡಿಸಿ ಅಥವಾ ಕಳೆದು, ಕಣ್ಣಿಗೆ ಕಾಣುವ ಸ್ಫುಟಸ್ಥಾನವನ್ನು ಪಡೆದರು. ರೈಲ್ವೆಯ ವೇಳಾಪಟ್ಟಿಯನ್ನು ರಚಿಸುವವರೂ ಇದೇ ಕ್ರಮವನ್ನು ಅನುಸರಿಸುತ್ತಾರೆ: ಎರಡು ನಿಲ್ದಾಣಗಳ ನಡುವೆ ಪೂರ್ಣ ಜವದ ಓಟಕ್ಕೆ ಬೇಕಾದ ಕಾಲವನ್ನು ಮೊದಲು ಹಾಕಿ, ಜವವನ್ನು ಏರಿಸುವುದಕ್ಕೂ ಇಳಿಸುವುದಕ್ಕೂ ತಗಲುವ ನಿಮಿಷಗಳನ್ನು ಆಮೇಲೆ ಸೇರಿಸುತ್ತಾರೆ. ಪ್ರೌಢಶಾಲೆಯ ವಿದ್ಯಾರ್ಥಿಯೂ ಸಮಗತಿಯ ಲೆಕ್ಕಗಳನ್ನು ಮುಗಿಸಿ ವೇಗೋತ್ಕರ್ಷದ ಪಾಠಕ್ಕೆ ಹೋಗುವಾಗ ಬೇರೊಂದು ವಿದ್ಯೆಯನ್ನು ಆರಂಭಿಸುತ್ತಿಲ್ಲ. ಮಧ್ಯಮವನ್ನು ಕಂಡವನು ಈಗ ಸ್ಫುಟದ ಕಡೆಗೆ ಮೊದಲ ಸಂಸ್ಕಾರವನ್ನು ಕಲಿಯುತ್ತಿದ್ದಾನೆ.